ಕಾಕು ಊರಿಗೆ ಹೋದಾಗ ಅವಳ ನಾಯಿ

ನಮ್ಮ ಕಾಕು, ಅಂದರೆ ಅಪ್ಪನ ತಮ್ಮನ ಹೆಂಡತಿ, ಶಿಟ್ಜು ಎಂಬ ಜೂಲುಗೂದಲಿನ ಮರಿ ತಂದ ದಿನ ಅಪ್ಪ ಅದನ್ನು ನೋಡಿ, ಇದು ನಾಯಿಯೋ ನೆಲ ಒರೆಸುವ ಅರಿವಿಯೋ ಎಂದು ಕೇಳಿದ್ದ. ನಮ್ಮ ಜೋರಾಪುರ ಪೇಟೆಯಲ್ಲಿ ನಾಯಿ ಅಂದರೆ ಬಾಗಿಲಲ್ಲಿ ಕೂತು ಬೊಗಳಬೇಕು. ಇದು ಕಳ್ಳ ಬಂದರೂ ಅವನ ತೊಡೆ ಏರಿ ಕೂಡುವ ಜಾತಿ. ಇದಕ್ಕೆ ಬೇಕಾದದ್ದು ಒಂದೇ ಒಂದು ಮನುಷ್ಯಜೀವ, ಅಷ್ಟೇ. ಅದು ಕಾಕು. ದಿನಾ ಹಣಿಗೆ ಹಿಡಿದು ಕೂದಲಿನ ಸಿಕ್ಕು ಬಿಡಿಸುವುದು, ಹಸಿ ಬಟ್ಟೆಯಿಂದ ಕಣ್ಣಿನ ಗೀಜು ಒರೆಸುವುದು, ಚಪ್ಪಟೆ ಮೂಗಿನ ನಾಯಿ ನಮ್ಮ ಬಿಸಿಲಿಗೆ ತೇಕದಂತೆ ಹಾಸುಗಲ್ಲಿಗೆ ನೀರು ಚಿಮುಕಿಸಿ ಮಲಗಿಸುವುದು, ಎಲ್ಲ ಅವಳದೇ.

ತವರೂರು ತಿಕೋಟಾದಲ್ಲಿ ಅವಳ ತಾಯಿ ಜಾರಿ ಬಿದ್ದು ಕಾಲು ಮುರಿದುಕೊಂಡಾಗ ಕಾಕು ಹೊರಟಳು. ಅಲ್ಲಿಯ ತೋಟದ ನಾಯಿಗಳಿಗೆ ಇದು ಒಂದು ತುತ್ತು. ಹಾಗಾಗಿ ಹಣಿಗೆ ನನ್ನ ಕೈಗೆ ಬಂತು.

"ನಾ ಕರದ್ರಷ್ಟ ಉಣ್ಣತೈತಿ ಅದು. ಹೆಂಗರ ಮಾಡಿ ಉಣಸು, ಯಪ್ಪಾ."

ಅವತ್ತು ಉಣ್ಣಲಿಲ್ಲ, ಮರುದಿನವೂ ಉಣ್ಣಲಿಲ್ಲ. ಬಾಗಿಲ ಕಡೆ ಮುಖ ಮಾಡಿ ಮಲಗಿತ್ತು. ನಾನು ಮಾತಾಡಿಸಿದರೆ ಕಿವಿ ಸಹ ಅಲುಗಿಸಲಿಲ್ಲ. ಅದರ ತಪ್ಪಲ್ಲ ಬಿಡಿ, ನನ್ನ ಸ್ವಂತ ದನಿ ಯಾವುದೆಂದು ನನ್ನವ್ವನಿಗೇ ಅನುಮಾನ. ಬಬಲೇಶ್ವರ ಬಸ್ಸಿನ ಕಂಡಕ್ಟರನಿಂದ ಓಣಿಯ ಸೊಪ್ಪಿನ ಅಜ್ಜಿಯವರೆಗೆ ಎಲ್ಲರ ದನಿಯನ್ನೂ ಅಣಕಿಸಿಕೊಂಡೇ ಬೆಳೆದವನು ನಾನು. ಕೊನೆಗೆ ಕದದ ಮರೆಗೆ ನಿಂತು ಕಾಕುವಿನ ದನಿ ತೆಗೆದೆ. ಓಡಿ ಬಂತು. ಸುತ್ತಲೂ ಹುಡುಕಿತು. ಆಮೇಲೆ ಮೊಸರನ್ನ ಉಂಡಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇಂಥ ವಿದ್ಯೆ ಒಬ್ಬನೇ ನೋಡಿ ಏನು ಸುಖ? ಗೆಳೆಯರನ್ನು ಕರೆತಂದೆ. ಒಮ್ಮೆ ಮಾಳಿಗೆಯಿಂದ, ಒಮ್ಮೆ ಅಡುಗೆಮನೆಯಿಂದ ಕಾಕುವಾಗಿ ಕರೆದೆ. ಅದು ಅಲ್ಲಿಂದಿಲ್ಲಿಗೆ ಓಡಿತು, ಮಂಚದ ಕೆಳಗೆ ಇಣುಕಿತು, ಖಾಲಿ ಬಚ್ಚಲಿನ ಮುಂದೆ ನಿಂತು ಬಾಲ ಅಲ್ಲಾಡಿಸಿತು. ಗೆಳೆಯರು ಹೊಟ್ಟೆ ಹಿಡಿದು ನಕ್ಕರು. ಅವರು ನಗುವಷ್ಟು ಹೊತ್ತು ಕರೆಯುತ್ತಲೇ ಇದ್ದೆ. ಒಬ್ಬ, ಸಾಕು ಬಿಡೋ ಎಂದ. ಅವನಿಗೆ ಅವನದೇ ದನಿಯಲ್ಲಿ ಸಾಕು ಬಿಡೋ ಎಂದು ಹೇಳಿ ಇನ್ನಷ್ಟು ನಗಿಸಿದೆ. ನಾಯಿ ತೇಕುತ್ತ ಹಾಸುಗಲ್ಲಿನ ಮೇಲೆ ಬಿದ್ದುಕೊಂಡಿತು. ಆಮೇಲೆ ಅದರ ಮುಂದೆಯೇ ನಿಂತು ಕಾಕುವಿನ ದನಿಯಲ್ಲಿ ಎಷ್ಟು ಕರೆದರೂ ಏಳಲಿಲ್ಲ.

ಆ ದಿನದಿಂದ ತಟ್ಟೆ ಮುಂದಿಟ್ಟರೆ ಕರೆಯದೆಯೇ ಸುಮ್ಮನೆ ಉಣ್ಣುತ್ತಿತ್ತು. ರೂಢಿಯಾಯಿತು ಅಂದುಕೊಂಡೆ.

ಕಾಕು ತಿಕೋಟಾದಿಂದ ಬಂದವಳು ಚೀಲ ಹಿಡಿದೇ ಹೊಸ್ತಿಲಲ್ಲಿ ನಿಂತು, "ಬಾ ಬೇ ನನ್ನ ಬಂಗಾರ" ಎಂದಳು. ನಾಯಿ ಕಿವಿ ನಿಮಿರಿಸಿತು. ಬಾಗಿಲಿಗೆ ಓಡಲಿಲ್ಲ. ತಿರುಗಿ ನನ್ನ ಬಾಯಿ ನೋಡಿತು.

ಬಿಟ್ಟು ಹೋದದ್ದಕ್ಕೆ ಸಿಟ್ಟು ಬಂದಿದೆಯೇನೋ ಎಂದು ಕಾಕು ನಕ್ಕು ಮತ್ತೆ ಕರೆದಳು. ಮತ್ತೆ ನನ್ನ ಬಾಯಿ. ಅವಳ ನಗು ಹೋಯಿತು. ನನ್ನ ಚಟ ಅವಳಿಗೆ ಗೊತ್ತಿಲ್ಲದ್ದೇನಲ್ಲ.

"ನನ್ನ ದನಿ ತಗದಿಯೇನಲೇ?"

"ಉಣಸಾಕ, ಕಾಕು."

"ಉಣಸಾಕಷ್ಟ?"

ನಾನು ಹಣಿಗೆ ತಂದು ಅವಳ ಮುಂದಿಟ್ಟೆ.

ಕಾಕು ಚೀಲ ಇಳಿಸಿ ನೆಲಕ್ಕೆ ಕೂತು ಸುಮ್ಮನೆ ಕೈ ಚಾಚಿದಳು. ನಾಯಿ ಬಂದು ಅವಳ ಬಳೆ ಮೂಸಿತು, ಬೆರಳು ಮೂಸಿತು, ಸೆರಗು ಮೂಸಿತು. ಬಹಳ ಹೊತ್ತಿನ ಮೇಲೆ ತೊಡೆ ಏರಿತು.

ನನಗೆ ಅವಳು ಬೈಯಲಿಲ್ಲ. ಆದರೆ ನಾನು ಮನೆಯಲ್ಲಿದ್ದಾಗ ಕಾಕು ಈಗ ಅದನ್ನು ಕರೆಯುವುದಿಲ್ಲ. ತಟ್ಟೆ ಹಿಡಿದು ತಾನೇ ಅದರ ಹತ್ತಿರ ಹೋಗುತ್ತಾಳೆ.