ಗಂಗಾಳ ದಾಟುವಷ್ಟು ಜಾಗ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರುವ ಕಿಂಡಿ ನಾನು ಹೇಳುವಷ್ಟು ಎತ್ತರದಲ್ಲಿ ಇದ್ದಿರಲಿಕ್ಕಿಲ್ಲ. ಅದರೊಳಗಿಂದ ಬರುತ್ತಿದ್ದ ಕೈಯ ಬಳೆಗಳು ಹಸಿರು ಎಂದು ನನ್ನ ನೆನಪು, ಕೆಂಪೂ ಇದ್ದಿರಬಹುದು. ದಿನಚರಿ ಬರೆಯುವ ಚಟ ನನಗೆ ಅಂಟಿದ್ದು ಧಾರವಾಡದಲ್ಲಿ ಎಂ.ಎ. ಓದುವಾಗ. ಅದಕ್ಕೂ ಮುಂಚಿನದಕ್ಕೆಲ್ಲ ನನ್ನ ತಲೆಯೊಂದೇ ಸಾಕ್ಷಿ. ಆ ಸಾಕ್ಷಿಯನ್ನು ನಾನು ಹೆಚ್ಚು ನಂಬುವುದಿಲ್ಲ. ಬೆಳಿಗ್ಗೆ ಕನ್ನಡಕ ಎಲ್ಲಿಟ್ಟೆ ಎಂದು ಕೇಳಿದರೆ ತಡವರಿಸುವ ತಲೆ, ಚಿಕ್ಕಂದಿನಲ್ಲಿ ನೋಡಿದ ಬಳೆಯ ಬಣ್ಣವನ್ನು ಮಾತ್ರ ಥಟ್ಟನೆ ಹೇಳುತ್ತದೆ. ಅನುಮಾನ ಬರುವುದು ಅದಕ್ಕೇ.

ಬ್ಯಾಡಗಿಯ ನಮ್ಮ ಮನೆಯನ್ನು ತಮ್ಮ ಬಸು ಕೆಡವಿ ಹೊಸದಾಗಿ ಕಟ್ಟಿಸುತ್ತಿದ್ದಾನೆ. ನಾನು ಇರುವುದು ಹಾವೇರಿಯಲ್ಲಿ, ಕಾಲೇಜಿನಲ್ಲಿ ಇತಿಹಾಸ ಹೇಳುತ್ತ. ರವಿವಾರ ಬಂತೆಂದರೆ ಬಸ್ಸು ಹತ್ತಿ ಬ್ಯಾಡಗಿಗೆ ಹೋಗುತ್ತೇನೆ. ಮನೆ ಕಟ್ಟುವ ಕೆಲಸವನ್ನು ಕಣ್ಣಾರೆ ನೋಡಿ ಕಲಿಯಬೇಕು ಎಂಬುದು ನಾನು ಎಲ್ಲರಿಗೂ ಹೇಳುವ ಕಾರಣ. ಅದರಲ್ಲಿ ಸುಳ್ಳಿಲ್ಲ. ಹಾವೇರಿಯ ಹಳೆಯ ಕಲ್ಲಿನ ಗುಡಿಗೆ ಪ್ರತಿವರ್ಷ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುತ್ತೇನೆ. ಕಂಬದ ಕೆತ್ತನೆ ತೋರಿಸುತ್ತೇನೆ, ಯಾವ ಅರಸರ ಕಾಲದ್ದು ಎನ್ನುತ್ತೇನೆ. "ಗಾರೆ ಇಲ್ದ ಇಷ್ಟು ದೊಡ್ಡ ಕಲ್ಲು ಹ್ಯಾಂಗ ಕುಂತಾವ್ರೀ ಮೇಡಂ?" ಎಂದು ಯಾರಾದರೂ ಕೇಳಿದರೆ, "ಅದು ಆ ಕಾಲದವರ ಜಾಣತನ" ಎಂದು ಮುಂದಿನ ಕಂಬಕ್ಕೆ ನಡೆದುಬಿಡುತ್ತೇನೆ. ಒಂದು ಸಾದಾ ಗೋಡೆ ಬೀಳದೆ ನಿಲ್ಲುವುದು ಹೇಗೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಮೊದಲ ರವಿವಾರವೇ ನಗೆಪಾಟಲಾದೆ. ಹಿಂದಿನ ದಿನ ಹಾಕಿದ ಕಾಂಕ್ರೀಟಿನ ಕಂಬಗಳಿಗೆ ಗೋಣಿತಾಟು ಸುತ್ತಿ, ಪೈಪು ಹಿಡಿದು ನೀರು ಹೊಡೆಯುತ್ತಿದ್ದರು. "ಒಣಗಲಿ ಅಂತ ಬಿಟ್ಟ ಮೇಲೆ ಮತ್ತೆ ಯಾಕೆ ತೋಯಿಸುತ್ತೀರಿ?" ಎಂದು ಕೇಳಿದೆ. ಗಾರೆಯ ಬುಟ್ಟಿ ಹೊತ್ತಿದ್ದ ಶಾಂತವ್ವ ಬುಟ್ಟಿ ಇಳಿಸಿ ನಕ್ಕಳು. ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲವಂತೆ, ನೀರು ಕುಡಿದು. ಲಗೂ ಒಣಗಿದ್ದು ಸೀಳುತ್ತದೆ. ಇಟ್ಟಂಗಿಯನ್ನೂ ಕಟ್ಟುವ ಮೊದಲು ನೆನೆಹಾಕಬೇಕು, ಇಲ್ಲದಿದ್ದರೆ ಗಾರೆಯ ನೀರನ್ನೆಲ್ಲ ಅದೇ ಹೀರಿಕೊಂಡು ಒಂದಕ್ಕೊಂದು ಹಿಡಿಯುವುದಿಲ್ಲ. ಉಸುಕನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಅಂಗೈಗೆ ಮಣ್ಣು ಮೆತ್ತಬಾರದು. ಎರಡು ಇಟ್ಟಂಗಿ ತಾಗಿಸಿದರೆ ಠಣ್ ಎನ್ನಬೇಕು. ನಾನು ಸಿಕ್ಕಸಿಕ್ಕ ಇಟ್ಟಂಗಿಗಳನ್ನೆಲ್ಲ ತಾಗಿಸಿ ನೋಡಿ ಎರಡನ್ನು ಒಡೆದೆ. "ಅಕ್ಕಾರ, ನೀವು ಬರೇ ಕಣ್ಣೀಲೆ ಕಲೀರಿ," ಎಂದ ಗೋಡೆ ಕಟ್ಟುತ್ತಿದ್ದ ಗೌಂಡಿ ಹುಸೇನಸಾಬ್.

ಹುಸೇನಸಾಬನಿಗೆ ಎಲ್ಲದರ ಬಗ್ಗೆಯೂ ಅಭಿಪ್ರಾಯವಿತ್ತು, ಎಂಜಿನಿಯರನಿಗೆ ಅದರ ಎದುರು ಅಭಿಪ್ರಾಯವಿತ್ತು. ನದಿಯ ಉಸುಕಿನ ಮುಂದೆ ಕಲ್ಲು ಪುಡಿಮಾಡಿದ ಉಸುಕು ಕಸ ಎಂದು ಒಬ್ಬ. ಮೇಡ್ಲೇರಿ ಕಡೆಯ ಹೊಳೆಯ ಉಸುಕಿನ ಕಾಲ ಮುಗಿಯಿತು ಎಂದು ಇನ್ನೊಬ್ಬ. ಇಬ್ಬರಿಗೂ ನಾನು ತಲೆಯಾಡಿಸಿದೆ. ಒಂದು ವಿಷಯದಲ್ಲಿ ಮಾತ್ರ ಅವರು ಒಂದಾಗಿದ್ದರು: ಈಗಿನ ಮನೆಯಲ್ಲಿ ಭಾರವೆಲ್ಲ ಕಂಬದ್ದು. "ಗ್ವಾಡಿ ಮ್ಯಾಲೆ ಏನೂ ಕುಂತಿಲ್ಲ ಮೇಡಂ, ಬರೇ ಅಡ್ಡ ನಿಂತಾವು ಅಷ್ಟ," ಎಂದ ಎಂಜಿನಿಯರ. ಅಂದು ಬಸ್ಸಿನಲ್ಲಿ ಹಾವೇರಿಯವರೆಗೂ ಆ ಮಾತನ್ನೇ ಯೋಚಿಸುತ್ತ ಬಂದೆ. ಏನನ್ನೂ ಹೊರದೆ ಬರೇ ಅಡ್ಡ ನಿಂತ ಒಂದು ಗೋಡೆ ನಮ್ಮ ಹಳೆಯ ಮನೆಯಲ್ಲೂ ಇತ್ತು.

ಅಪ್ಪ ಮತ್ತು ಕಾಕಾ ಬೇರೆಯಾದಾಗ ಮನೆಯ ನಡುವೆ ಎಬ್ಬಿಸಿದ ಗೋಡೆ ಅದು. ಸುಡದ ಹಸಿ ಇಟ್ಟಂಗಿಯದು, ಒಂದು ಮೊಳ ದಪ್ಪ. ಒಂದೇ ಅಡಿಗೆಮನೆ ಎರಡಾಯಿತು. ಈ ಕಡೆ ಅವ್ವ, ಆ ಕಡೆ ಕಾಕಾನ ಹೆಂಡತಿ, ನಮ್ಮ ಚಿಗವ್ವ. ಗೋಡೆ ಏಳುವಾಗ ನಮ್ಮ ಆಯಿ, ಅಪ್ಪನ ತಾಯಿ, ಗೌಂಡಿಯ ಎದುರು ಕುಳಿತು, "ಗಂಡಸರು ಪಾಲು ಮಾಡ್ಕೊಳ್ಳಿ. ಹೆಂಗಸರಿಗೆ ಊಟದ ಗಂಗಾಳ ದಾಟುವಷ್ಟು ಜಾಗ ಬಿಡು," ಎಂದಳಂತೆ. ಹೀಗೆ ಎಂದು ಹೇಳಿದ್ದು ಅವ್ವ. ಅಥವಾ ಅವ್ವ ಹೇಳಿದಳೆಂದು ನಾನು ಅಂದುಕೊಂಡಿದ್ದೇನೆ.

ಹಾಗೆ ಬಿಟ್ಟ ಕಿಂಡಿಯಲ್ಲಿ ದಾಟದ ವಸ್ತುವಿಲ್ಲ. ಬಿಸಿ ರೊಟ್ಟಿ, ಕಡ್ಡಿಪೆಟ್ಟಿಗೆ, ಪಲ್ಯದ ಬಟ್ಟಲು, ಅತ್ತೆಯ ಮೇಲಿನ ದೂರು. ಮುಖ್ಯವಾಗಿ ಮೊಸರಿನ ಹೆಪ್ಪು. ಒಂದು ದಿನ ನಮ್ಮದು ಮುಗಿದರೆ ಅವರದು, ಇನ್ನೊಂದು ದಿನ ಅವರದು ಮುಗಿದರೆ ನಮ್ಮದು. ಮನೆ ಎರಡಾದರೂ ಮೊಸರು ಒಂದೇ ವಂಶದ್ದಾಗಿ ಉಳಿಯಿತು. ಶಾಲೆಯಿಂದ ಬಂದು ನಾನು ಕಿಂಡಿಯ ಕೆಳಗೆ ನಿಂತು ಕೈ ಎತ್ತುತ್ತಿದ್ದೆ. ಹಸಿರು ಬಳೆಯ ಕೈ ಇಳಿದು ಬಂದು ಒಂದು ತುಣುಕು ಬೆಲ್ಲ ಇಡುತ್ತಿತ್ತು. ಮುಖ ಕಾಣುತ್ತಿರಲಿಲ್ಲ. "ಯಾರ ಕೈ ಹೇಳು?" ಎಂಬ ದನಿ ಮಾತ್ರ. ಗೊತ್ತಿದ್ದೂ ದಿನಾಲೂ ತಪ್ಪು ಹೇಳುವುದು ನಮ್ಮಿಬ್ಬರ ಆಟ.

ಒಂದು ದಿನ ಆ ಕಿಂಡಿ ಇರಲಿಲ್ಲ. ಯಾಕೆ ಎಂಬುದಕ್ಕೆ ನಾನು ಕೇಳಿದ ಕಥೆಗಳು ಎರಡು. ಕದರಮಂಡಲಗಿಯಲ್ಲಿ ಯಾರದೋ ಮಗುವಿನ ಕೂದಲು ತೆಗೆಸುವ ಜಾವಳದ ಊಟಕ್ಕೆ ಕೂತಾಗ ಅವ್ವ, ಚಿಗವ್ವ ಒಬ್ಬರ ಅಡಿಗೆಯನ್ನು ಇನ್ನೊಬ್ಬರು ಆಡಿಕೊಂಡರು ಎಂಬುದು ಒಂದು. ನಲ್ಲಿಯ ಸರತಿಯ ಜಗಳ ಎಂಬುದು ಇನ್ನೊಂದು. ಅವ್ವ ಆಮೇಲೆ ಚಿಗವ್ವನ ಹತ್ತಿರ ಹೆಪ್ಪು ಕೇಳಲಿಲ್ಲ. ನಮ್ಮದು ಮುಗಿದ ದಿನ ಹಾಲಿಗೆ ಒಣಮೆಣಸಿನಕಾಯಿಯ ತೊಟ್ಟು ಹಾಕಿ ಮೊಸರು ಮಾಡುತ್ತಿದ್ದಳು. ಬ್ಯಾಡಗಿಯಲ್ಲಿ ತೊಟ್ಟಿಗೆ ಬರವೇ? ಆ ಮೊಸರು ಖಾರ ಇರುತ್ತಿತ್ತು ಎಂದು ನನ್ನ ನಾಲಿಗೆ ಇವತ್ತಿಗೂ ಹೇಳುತ್ತದೆ. ತೊಟ್ಟಿನ ಮೊಸರು ಖಾರ ಇರುವುದಿಲ್ಲ, ಮೊನ್ನೆ ಮಾಡಿ ನೋಡಿದೆ.

ಅಪ್ಪ, ಅವ್ವ, ಕಾಕಾ ಈಗ ಇಲ್ಲ. ಚಿಗವ್ವ ರಾಣೆಬೆನ್ನೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಅವಳ ಪಾಲಿನ ಮನೆಗೆ ಬೀಗ. ಮಾತು ಮತ್ತೆ ಶುರುವಾಗಿ ವರ್ಷಗಳೇ ಆದವು, ಆದರೆ ಹೋಗಿ ಬರುವುದು ಪಡಸಾಲೆಯವರೆಗೆ ಮಾತ್ರ. ಅವಳ ಅಡಿಗೆಮನೆಗೆ ನಾನು ಮತ್ತೆ ಕಾಲಿಟ್ಟಿಲ್ಲ. ಕಿಂಡಿ ಮುಚ್ಚಿಸಿದವಳು ಚಿಗವ್ವ ಎಂದೇ ನಾನು ಇಷ್ಟು ದಿನ ನಂಬಿಕೊಂಡಿದ್ದೆ. ನೆನಪಿನಲ್ಲಿ ಆ ಕೈ ಹಿಂದಕ್ಕೆ ಸರಿಯುವುದು ಕಾಣುತ್ತದೆ, ಆಮೇಲೆ ಕತ್ತಲೆ.

ಆ ನಡುಗೋಡೆ ಅರ್ಧ ಚಿಗವ್ವನದು ಎಂದು ಬಸು ಅದನ್ನು ಕೆಡವದೆ ಹಾಗೇ ಉಳಿಸಿದ್ದ. ಹೊಸ ಗಿಲಾವು, ಅಂದರೆ ಗಾರೆಯ ಲೇಪ, ಮಾಡಲು ಹಳೆಯದನ್ನು ಉದುರಿಸಿದ ರವಿವಾರ ನಾನು ಅಲ್ಲಿದ್ದೆ. ಮಣ್ಣಿನ ಬಣ್ಣದ ಗೋಡೆಯ ನಡುವೆ ಸುಟ್ಟ ಇಟ್ಟಂಗಿಯ ಕೆಂಪು ಚೌಕ. ನನ್ನ ಎದೆಯ ಮಟ್ಟಕ್ಕೂ ಬಾರದ ಎತ್ತರದಲ್ಲಿ. ಹುಸೇನಸಾಬ್ ಗಾರೆ ಬಳಿಯುವ ಕರಣಿಯ ಹಿಡಿಕೆಯಿಂದ ತಟ್ಟಿದ, ಒಳಗೆ ಟೊಳ್ಳು. ಟೊಳ್ಳು ಎಂದದ್ದೇ ತಡ, ಶಾಂತವ್ವ ಬುಟ್ಟಿ ಬಿಟ್ಟು ಬಂದಳು. "ಅಕ್ಕಾರ, ಬಂಗಾರ ಸಿಕ್ರ ನನಗ ಕಿವಿಗೆ ಒಂದ ಜತಿ ಬೆಂಡೋಲಿ ರೀ, ಮರೀಬ್ಯಾಡ್ರಿ!" ಊಟದ ಹೊತ್ತಿಗೆ ಓಣಿಯ ಅರ್ಧ ಜನ ನಮ್ಮ ಮನೆಯ ಪ್ರಗತಿ ವಿಚಾರಿಸಿಕೊಂಡು ಹೋದರು.

ನಾನು ನೋಡುತ್ತಿದ್ದದ್ದು ಬೇರೆ. ಅಷ್ಟು ರವಿವಾರಗಳ ವಿದ್ಯೆಯಲ್ಲಿ ಇದೂ ಒಂದು: ಗೌಂಡಿ ಯಾವ ಕಡೆ ನಿಂತು ಕಟ್ಟುತ್ತಾನೋ ಆ ಕಡೆ ಸಂದುಗಳನ್ನು ಒರೆಸಿ ಸಮ ಮಾಡುತ್ತಾನೆ. ಕೈ ಎಟುಕದ ಆಚೆ ಕಡೆಗೆ ಗಾರೆ ಉಕ್ಕಿ ಹಾಗೇ ಗಟ್ಟಿಯಾಗುತ್ತದೆ. ಗೋಡೆಗೂ ಮುಖ, ಬೆನ್ನು ಇರುತ್ತವೆ. ಈ ಕೆಂಪು ಚೌಕದ ಸಂದುಗಳು ಅಚ್ಚುಕಟ್ಟಾಗಿ ಸಮವಾಗಿದ್ದವು. ಮುಖ ನಮ್ಮ ಕಡೆಗಿತ್ತು. ಕಿಂಡಿ ಮುಚ್ಚಿದವನು ನಮ್ಮ ಅಡಿಗೆಮನೆಯಲ್ಲಿ ನಿಂತು ಮುಚ್ಚಿದ್ದ. ಮುಚ್ಚಿಸಿದ್ದು ನಮ್ಮ ಮನೆಯವರು.

ಕಲಿಯಬಾರದಿತ್ತು ಎನ್ನಿಸಿತು ಒಂದು ಕ್ಷಣ. ಆದರೆ ಗೋಡೆ ಒಂದು ಮೊಳ ದಪ್ಪ, ನಮ್ಮ ಇಟ್ಟಂಗಿ ಒಂದೇ ಸಾಲು, ಹಿಂದೆ ಟೊಳ್ಳು. ಆ ಟೊಳ್ಳಿನಾಚೆ ಏನಿದೆ? ಚಿಗವ್ವನೂ ತನ್ನ ಕಡೆಯಿಂದ ಒಂದು ಸಾಲು ಕಟ್ಟಿಸಿದ್ದರೆ ಅದು ಜಗಳ. ಇಬ್ಬರದೂ ಸಮ ಆಯಿತು, ಮುಗಿಯಿತು. ಕಟ್ಟಿಸದಿದ್ದರೆ? ಹಾಗಿದ್ದರೆ ಅವಳು ಅಷ್ಟೂ ವರ್ಷ ನಮ್ಮ ಇಟ್ಟಂಗಿಯ ಬೆನ್ನು ನೋಡುತ್ತ ರೊಟ್ಟಿ ಬಡಿದಿದ್ದಾಳೆ.

"ಎರಡ ಏಟು ಹಾಕಿದ್ರ ಗೊತ್ತಾಗ್ತದ ತಗೋ ಅಕ್ಕಾ," ಎಂದು ಬಸು ಸುತ್ತಿಗೆ ಎತ್ತಿಕೊಂಡ. ಬೇಡ ಎಂದೆ. ಚಿಗವ್ವನ ಅಡಿಗೆಮನೆಯನ್ನು ಹೀಗೆ ಗೋಡೆ ಒಡೆದು ಇಣುಕಲು ನನಗೆ ಮನಸ್ಸಾಗಲಿಲ್ಲ. ಅವಳ ಬಾಯಿಂದಲೇ ಕೇಳಬೇಕಿತ್ತು.

ರಾಣೆಬೆನ್ನೂರಿಗೆ ಹೋದೆ. ಬಾಗಿಲಲ್ಲೇ ಚಿಗವ್ವ, "ಬಾರವ್ವಾ ಸುಮಿ. ಹಾವೇರ್ಯಾಗ ಇದ್ದಾಕಿಗೆ ರಾಣೆಬೆನ್ನೂರ ಇಷ್ಟು ದೂರ ಆತೇನ?" ಎಂದಳು. ಬಳೆ ನೋಡಿದೆ. ಒಂದೊಂದು ಕೈಗೂ ಒಂದು ತೆಳ್ಳನೆಯ ಬಂಗಾರದ ಬಳೆ, ಬಣ್ಣದ ಪ್ರಶ್ನೆ ಅಲ್ಲಿಗೇ ನಿಂತಿತು. ಚಹಾ ಆಯಿತು, ಅವಲಕ್ಕಿ ಆಯಿತು. ಕಂಬಕ್ಕೆ ಎಷ್ಟು ದಪ್ಪದ ಕಬ್ಬಿಣ, ಯಾವ ಉಸುಕು, ಎಲ್ಲ ಕೇಳಿಸಿಕೊಂಡಳು. "ಇಷ್ಟೆಲ್ಲಾ ಕಲ್ತೀದಿ, ಇನ್ನ ಗೌಂಡಿ ಕೆಲಸಕ್ಕ ಹೋಗು. ಅಡಗಿಮನಿ ಎಲ್ಲಿ ಮಾಡ್ಯಾನ ಬಸು?"

"ಇದ್ದಲ್ಲೇ ಚಿಗವ್ವಾ. ನಡುಗ್ವಾಡಿ ಹಂಗ ಐತಿ. ಕಿಂಡಿ ಇದ್ದ ಜಾಗ ಕಂಡೇತಿ." ಒಂದು ಉಸಿರಿನಲ್ಲಿ ಕೇಳಿಬಿಟ್ಟೆ. "ನಿನ್ನ ಕಡೆನೂ ಮುಚ್ಚಿಸಿದ್ದೇನ?"

ಅವಳು ಲೋಟಗಳನ್ನು ಒಂದರೊಳಗೊಂದು ಇಟ್ಟುಕೊಂಡು ಒಳಗೆ ಹೋದಳು. ಬಹಳ ಹೊತ್ತು ನೀರಿನ ಸದ್ದು. ಹೊರಗೆ ಬಂದಾಗ ಕೈಯಲ್ಲಿ ಸಣ್ಣ ಸ್ಟೀಲಿನ ಡಬ್ಬಿ. "ಮನಿ ಹೆಪ್ಪು ಅದ. ಪ್ಯಾಟಿ ಮೊಸರು ತಿಂದು ಮಾರಿ ಹ್ಯಾಂಗ ಆಗೇತಿ ನೋಡು. ಬಸ್ಸಿನ್ಯಾಗ ನೆಟ್ಟಗ ಹಿಡ್ಕೋ, ಚೆಲ್ಲೀತು."

ನೆಟ್ಟಗೇ ಹಿಡಿದಿದ್ದೆ. ಆದರೂ ಪಕ್ಕದಲ್ಲಿ ಕೂತವರ ಸೀರೆಗೆ ಎರಡು ಹನಿ ಬಿದ್ದು ಬೈಸಿಕೊಂಡೆ. ಉಳಿದದ್ದನ್ನು ಹಾಲಿಗೆ ಹಾಕಿದೆ. ಬೆಳಿಗ್ಗೆ ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿ ಮೊಸರು. ತಿಂದಾಗ ಹಳೆಯ ರುಚಿ ನಾಲಿಗೆಗೆ ಬಂತು ಎಂದು ಬರೆದರೆ ಚೆಂದ, ಆದರೆ ಆ ರುಚಿ ಈಗ ನನಗೆ ನೆನಪಿಲ್ಲ. ಮೊಸರು ಚೆನ್ನಾಗಿತ್ತು. ಅಷ್ಟು ಹೇಳಬಲ್ಲೆ.

ನಿನ್ನೆ ಬಸುವಿನ ಫೋನು. "ಗಿಲಾವಿನವರು ನಿಂತಾರ ಅಕ್ಕಾ. ಆ ಚೌಕ ಏನ್ ಮಾಡೋದು? ಅದರ ಮ್ಯಾಲೆ ಟೈಲ್ಸ್ ಬರಬೇಕು." ಅದೊಂದನ್ನು ಬಿಟ್ಟು ಸುತ್ತಲೂ ಬಳಿಯಲಿ ಎಂದೆ. "ಎಷ್ಟು ದಿನ?" ಎಂದ. ಗಡಿಬಿಡಿ ಮಾಡಬೇಡ, ಲಗೂ ಒಣಗಿದ್ದು ಸೀಳುತ್ತದೆ ಎಂದು ನನ್ನ ಹೊಸ ವಿದ್ಯೆಯನ್ನು ಅವನಿಗೇ ಹೇಳಿದೆ. ಫೋನು ಇಟ್ಟವಳು ಮತ್ತೆ ಎತ್ತಿ ರಾಣೆಬೆನ್ನೂರಿಗೆ ಹಚ್ಚಿದೆ.

"ಮೊಸರು ಛಲೋ ಆಗೇತಿ ಚಿಗವ್ವಾ."

"ಆಗದ ಏನ್ ಮಾಡ್ತದ? ಯಾರ ಕೈಯಾಗಿಂದು ಹೇಳು?"

ಈ ಸಲ ತಪ್ಪು ಹೇಳಲಿಲ್ಲ. "ನಿನ್ನ ಕೈಯಾಗಿಂದು," ಎಂದೆ. ಹಾಗೇ ಕೇಳಿದೆ, "ಚಿಗವ್ವಾ, ನಿನ್ನ ಕಡೆ ಕಿಂಡಿ ತೆರೆದ ಇತ್ತೇನ?"