ಹುಳುವಿಗೆ ಕಟ್ಟಿದ ಪರದೆ

ನಮ್ಮನೆಯಲ್ಲಿ ಹುಳುವಿಗಿರೋ ಮರ್ಯಾದೆ ಮನುಷ್ಯರಿಗಿಲ್ಲ. ರೇಷ್ಮೆಹುಳು ಮನೆಯೊಳಗಿದ್ದರೆ ಊದಿನಕಡ್ಡಿ ಹಚ್ಚಂಗಿಲ್ಲ, ಒಗ್ಗರಣೆ ಘಾಟು ಏಳಂಗಿಲ್ಲ, ನನ್ನ ಗಂಡ ಬೀಡಿ ಸೇದೋಕೆ ಕೆರೆ ಏರಿವರೆಗೂ ಹೋಗಬೇಕು. ಹುಳುವಿನ ಮೈಮೇಲೆ ಮೊಟ್ಟೆ ಇಡೋ ಊಜಿ ನೊಣ ಬರಬಾರದು ಅಂತ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಪರದೆ. ಅದು ಹರಿದರೆ ಹೊಲಿಯೋಳು ನಾನೇ.

ಗೋಡೆಯಾಚೆ ಕೊಟ್ಟಿಗೆ. ಅಲ್ಲಿ ನನ್ನ ಮಣಕ, ಇನ್ನೂ ಕರು ಹಾಕದ ಹಸು. ಅದರ ತಾಯಿ ಸತ್ತಾಗ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದೆ. ಮೂರು ವರ್ಷಕ್ಕೆ ಚೊಚ್ಚಲ ಗಬ್ಬವಾಗಿತ್ತು.

ಅದೇ ವರ್ಷ ಹುತ್ತೂರು ಕಡೆ ಬೆಟ್ಟದ ಕೆಳಗಿನ ಊರುಗಳಲ್ಲಿ ದನಗಳ ಮೈತುಂಬ ಗಂಟು ಏಳತೊಡಗಿತು. ನೊಣ, ಸೊಳ್ಳೆಯಿಂದ ಹರಡುತ್ತೆ, ಸಂಜೆ ಬೇವಿನ ಹೊಗೆ ಹಾಕಿ, ಗಂಟೆದ್ದ ದನಾನ ಬೇರೆ ಕಟ್ಟಿ ಅಂತ ದನದ ಡಾಕ್ಟರು ಅರಳಿಕಟ್ಟೆ ಹತ್ತಿರ ನಿಂತು ಹೇಳಿದರು. ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸೋದರಲ್ಲಿ ನಮ್ಮೂರೋರನ್ನು ಮೀರಿಸೋರಿಲ್ಲ. ಅವರ ಬೈಕು ತಿರುವು ದಾಟೋ ಹೊತ್ತಿಗೆ ಪಕ್ಕದ ಮನೆ ಅಜ್ಜಿ "ಅಮ್ಮೋರು ವಚ್ಚಿಂದಿ" ಅಂದಳು. ಅಮ್ಮ ಬಂದವಳೆ, ಔಷಧಿ ಮಾಡಬಾರದು. ಮುಗೀತು. ಮೈಬಗ್ಗಿಸೋಕೆ ಸೋಮಾರಿತನ ಇದ್ದೋರಿಗೆಲ್ಲ ಒಂದೇ ಗಳಿಗೆಯಲ್ಲಿ ಭಕ್ತಿ ಬಂತು.

ನಮ್ಮ ಮಾವನಿಗೆ ಅಮ್ಮನ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ. ಆದರೆ ಹುಳು ನಾಲ್ಕನೇ ಜ್ವರ ಎದ್ದಿತ್ತು. ಕೊನೇ ಸಲ ಪೊರೆ ಕಳಚಿ ಗಬಗಬ ಸೊಪ್ಪು ತಿನ್ನೋ ವಾರ.

"ಮಾವ, ಕೊಟ್ಟಿಗೇಲಿ ಹೊಗೆ ಹಾಕ್ತೀನಿ."

"ಹುಚ್ಚೇನಮ್ಮ ನಿಂಗೆ? ಹುಳ ಸಾಯ್ತವೆ."

"ಹಂಗಾದ್ರೆ ಅಟ್ಟದ ಮೇಲಿರೋ ಹಳೇ ಪರದೆ ಕೊಡಿ, ಮಣಕಕ್ಕೆ ಕಟ್ತೀನಿ."

"ದನಕ್ಕೆ ಯಾರಾದ್ರೂ ಪರದೆ ಕಟ್ತಾರಾ? ಊರೋರು ನಗ್ತಾರೆ ಕಣಮ್ಮ. ಅಮ್ಮ ನೋಡ್ಕೊತಾಳೆ ಬಿಡು."

ಬೇಕಾದಾಗ ಬಂದಳು ನೋಡಿ ಅಮ್ಮ! ಊರು ನಗುತ್ತಂತೆ. ಥೂ, ಈ ಊರು ನಕ್ಕರೆಷ್ಟು, ಬಿಟ್ಟರೆಷ್ಟು? ಆದರೆ ನಾನೇನು ಕಡಿದು ಕಟ್ಟೆ ಹಾಕಿದೆ? ಸುಮ್ಮನೆ ಒಳಗೆ ಹೋಗಿ, ಹುಳುಮನೆ ಬಾಗಿಲ ಪರದೆಯಲ್ಲಿ ಬಿದ್ದಿದ್ದ ತೂತನ್ನು ಕೆಂಪು ದಾರದಲ್ಲಿ ಹೊಲಿದೆ.

ನಾಲ್ಕು ದಿನಕ್ಕೆ ಮಣಕದ ಕತ್ತಿನ ಮೇಲೆ ಗಂಟು ಕಂಡಿತು. ಆಮೇಲೆ ಕಾಲು ಊದಿತು, ತಿಂಗಳು ತುಂಬದೆ ಕಂದು ಹಾಕಿತು. ಯಾರನ್ನೂ ಕೇಳದೆ ಡಾಕ್ಟರನ್ನು ಕರೆಸಿದೆ. ಅವರು ಮೈ ಮುಟ್ಟಿ ನೋಡಿ, ತಡವಾಯ್ತಮ್ಮ ಅಂದರು. ರೇಷ್ಮೆಗೂಡು ಬಿಡಿಸಿದ ದಿನವೇ ಮಣಕ ಸತ್ತಿತು. ಗೂಡು ಮಾತ್ರ ಗಟ್ಟಿಯಾಗಿತ್ತು, ಊಜಿ ಹೊಕ್ಕ ಗೂಡು ಒಂದೂ ಇರಲಿಲ್ಲ.

ಹಿಪ್ಪುನೇರಳೆ ತೋಟದಂಚಿಗೆ ಗುಂಡಿ ತೋಡುತ್ತಿದ್ದರು. ಮಾವ ಹುಳುಮನೆ ಬಾಗಿಲ ಪರದೆ ಬಿಚ್ಚಿ ತಂದು ಮಣಕದ ಮೇಲೆ ಹೊದಿಸಿದರು.

"ನೊಣ ಮುತ್ತಿಕೊಂಡವೆ ಕಣಮ್ಮ, ನೋಡೋಕಾಗಲ್ಲ."

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಕಿತ್ತು ಅವರ ಮುಖದ ಮೇಲೆ ಎಸೀಬೇಕು ಅಂತ ಬಗ್ಗಿ ಅಂಚು ಹಿಡಿದೆ. ಕೈಗೆ ಆ ಕೆಂಪು ದಾರ ಸಿಕ್ಕಿತು. ಎಷ್ಟು ಚೆನ್ನಾಗಿ ಹೊಲಿದಿದ್ದೆ! ಒಂದು ನೊಣವೂ ತೂರುವಂತಿರಲಿಲ್ಲ.