ಕದಿರಿನ ಕುತ್ತಿಗೆಯ ಬೂದಿ

ನಮ್ಮ ಶೆಡ್ಡಿನ ನೂಲು ಸುತ್ತುವ ಯಂತ್ರವನ್ನು ತಿಂದದ್ದು ಬೂದಿ. ಮಳೆಯಲ್ಲ, ಥಂಡಿಯಲ್ಲ, ಯಾರ ಕೆಟ್ಟ ಕಣ್ಣೂ ಅಲ್ಲ. ನನ್ನ ಸೊಸೆಯ ಕೈಯಂತೂ ಅಲ್ಲವೇ ಅಲ್ಲ. ಊರಿನಲ್ಲಿ ಈಗಲೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೇಳಿಕೊಳ್ಳಲಿ. ನಾನು ಪಕ್ಕದಲ್ಲೇ ನಿಂತು ನೋಡಿದವಳು.

ನಮ್ಮದು ಶಿರಂಗಾಲದ ಕಡೆ. ಮಾವನವರ ಕಾಲದಲ್ಲಿ ಹಾಸನದ ಸೀಮೆಯಿಂದ ಬಂದು ಇಲ್ಲಿ ನೆಲೆ ನಿಂತ ಮನೆ. ಶುಂಠಿ, ಜೋಳ, ಒಂದಿಷ್ಟು ಗದ್ದೆ. ಹೊಳೆಯಾಚೆ ಮಗ್ಗದವರಿದ್ದಾರೆ, ಅವರು ನೂಲಿನ ಲಡಿ ಕಳಿಸುತ್ತಾರೆ. ಜಡೆಯ ಹಾಗೆ ತಿರುಚಿ ಕಟ್ಟಿದ ನೂಲು ಅದು. ಬಿಚ್ಚಿ ಬಾಬಿನ್ನಿಗೆ ಬಿಗಿಯಾಗಿ ಸುತ್ತಿ ವಾಪಸು ಕೊಡುವುದು ನಮ್ಮ ಹೆಂಗಸರ ಸಂಘದ ಕೆಲಸ. ಯಂತ್ರದಲ್ಲಿ ಕಬ್ಬಿಣದ ಕದಿರುಗಳು ಸಾಲಾಗಿ ನಿಂತಿವೆ. ಒಂದೊಂದು ಕದಿರೂ ಒಂದೊಂದು ಬುಷ್ಷಿನೊಳಗೆ ಕೂತು ತಿರುಗುತ್ತದೆ. ಬುಷ್ಷು ಅಂದರೆ ದಪ್ಪ ಬಳೆಯ ಹಾಗಿರುತ್ತದೆ. ಅದು ಸವೆದರೆ ಕದಿರು ನಡುಗುತ್ತದೆ, ಕದಿರು ನಡುಗಿದರೆ ನೂಲು ಕಡಿಯುತ್ತದೆ. ಇಷ್ಟು ತಿಳಿದರೆ ಸಾಕು, ಇದಕ್ಕಿಂತ ಹೆಚ್ಚು ನನಗೂ ತಿಳಿಯದು.

ಯಂತ್ರ ನೋಡಿಕೊಳ್ಳುವವಳು ನನ್ನ ಸೊಸೆ. ಮೊದಲು ಅವಳು ಚೆಟ್ಟಳ್ಳಿ ಕಡೆಯ ಎಸ್ಟೇಟಿಗೆ ಕಾಫಿ ಪಿಕ್ಕಿಂಗಿಗೆ ಹೋಗುತ್ತಿದ್ದಳು. ಬೆಳಕು ಹರಿಯುವ ಹೊತ್ತಿಗೆ ಜೀಪು ಬರುತ್ತಿತ್ತು, ಕುರಿ ತುಂಬಿದ ಹಾಗೆ ತುಂಬಿಕೊಂಡು ಹೋಗುತ್ತಿತ್ತು. ಒಂದು ತಿರುವಿನಲ್ಲಿ ಜೀಪು ಮಗುಚಿತು. ಇವಳ ಮಂಡಿಯ ಮೇಲೆ ಇನ್ನಿಬ್ಬರು ಬಿದ್ದರು. ಮಂಡಿ ಕೂಡಿಕೊಂಡಿತು, ಆದರೆ ಇಳಿಜಾರಿನಲ್ಲಿ ಇಂದಿಗೂ ಅವಳು ಪಕ್ಕಕ್ಕೆ ತಿರುಗಿ ಇಳಿಯುತ್ತಾಳೆ. ಶೆಡ್ಡಿಗೆ ಯಂತ್ರ ಬಂದ ಮೇಲೆ ಅವಳು ಜೀಪು ಹತ್ತುವುದು ನಿಂತಿತು. ಯಂತ್ರ ಹೋದರೆ ಮತ್ತೆ ಜೀಪೇ. ಬೇರೆ ದಾರಿ ಇರಲಿಲ್ಲ, ನಮ್ಮ ಮನೆಯಲ್ಲಿ ಕೂತು ಉಣ್ಣುವವರು ಯಾರೂ ಇಲ್ಲ.

ಯಂತ್ರ ನಮ್ಮದಲ್ಲ. ಕೊಟ್ಟವರು ಮೈಸೂರಿನ ಕಡೆಯವರು. ಕೊಡುವಾಗಲೇ, ಇಲ್ಲಿ ಬಾಳಿಕೆ ಬಂದರೆ ಇಲ್ಲೇ ಇರಲಿ, ಇಲ್ಲದಿದ್ದರೆ ಒಣ ಊರಿನ ಸಂಘಕ್ಕೆ ಒಯ್ಯುತ್ತೇವೆ ಎಂದಿದ್ದರು. ಕೊಡಗು ಅಂದ ಕೂಡಲೇ ಅವರಿಗೆ ಮಳೆ. ಮಡಿಕೇರಿಯ ಮಳೆ ನಮಗೆಲ್ಲಿ ಬರುತ್ತದೆ, ನಮ್ಮಲ್ಲಿ ಜೋಳ ಒಣಗುತ್ತದೆ. ಹೇಳಿದರೆ ಕೇಳುವವರು ಯಾರು.

ಗೌರಿ ಹಬ್ಬದ ಆಸುಪಾಸಿನಲ್ಲಿ ಯಂತ್ರ ಬಂತು. ಆಯುಧಪೂಜೆಗೆ ಕದಿರಿಗೆಲ್ಲ ಬೂದಿ ಹಚ್ಚಿ ಜೋರಾಗಿ ಪೂಜೆ ಆಯಿತು. ಸಂಕ್ರಾಂತಿ ಹೊತ್ತಿಗೆ ಒಂದು ಕದಿರು ನಡುಗತೊಡಗಿತು.

ಅಂದಿನಿಂದ ನನಗೆ ನೆಮ್ಮದಿ ಇಲ್ಲ. ನಮ್ಮ ಮನೆಗೂ ಶೆಡ್ಡಿಗೂ ನಡುವೆ ಒಂದು ಶುಂಠಿ ಹೊಲ. ಮೋಟಾರಿನ ಸದ್ದು ಅಡುಗೆಮನೆಗೆ ಕೇಳುತ್ತದೆ. ಸದ್ದು ನಿಂತರೆ ನನ್ನ ಕೈಯೂ ನಿಲ್ಲುತ್ತಿತ್ತು. ಕರೆಂಟು ಹೋಯಿತೋ ನೂಲು ಕಡಿಯಿತೋ ಎಂದು ಬಲ್ಬಿನ ಸ್ವಿಚ್ಚು ಒತ್ತಿ ನೋಡುತ್ತಿದ್ದೆ. ಬಲ್ಬು ಹತ್ತಿದರೆ ಕಡಿದದ್ದು ನೂಲೇ ಎಂದು ಬಾಗಿಲಿಗೆ ಓಡುತ್ತಿದ್ದೆ. ಕರೆಂಟು ಹೋಗಲಿ ಎಂದು ಹರಕೆ ಹೊರುವ ಹೆಂಗಸು ಊರಿನಲ್ಲಿ ನಾನೊಬ್ಬಳೇ ಇದ್ದೆನೇನೋ.

ಶೆಡ್ಡು ಇರುವುದು ನನ್ನ ಓರಗಿತ್ತಿಯ ಜಾಗದಲ್ಲಿ. ನನ್ನ ಗಂಡನ ಅಣ್ಣನ ಹೆಂಡತಿ, ನನಗಿಂತ ದೊಡ್ಡವಳು, ಅಕ್ಕ ಎನ್ನುತ್ತೇನೆ. ಬೀಗದ ಕೈ ಅವಳ ಮನೆಯ ಮೊಳೆಗೆ ನೇತು ಹಾಕಿರುತ್ತದೆ. ಮೊದಲ ಕದಿರು ನಡುಗಿದ ದಿನ ಅವಳು ಬಂದು ನೋಡಿ ತೀರ್ಪು ಕೊಟ್ಟಳು.

"ದೃಷ್ಟಿ ಆಗೈತೆ ಕಣೆ. ವರ್ಷಕ್ಕೊಂದು ಪೂಜೆ ಮಾಡಿ ಸುಮ್ಮನಾದ್ರೆ ಆಯ್ತದಾ? ಕಬ್ಬಿಣ ಅಂದ್ರೆ ಲಕ್ಷ್ಮಿ. ವಾರವಾರ ಮಾಡ್ಬೇಕು."

ಸಂಘದಲ್ಲಿ ನೆಲ್ಯಹುದಿಕೇರಿಯಿಂದ ಬಂದ ಒಬ್ಬಳು ಮಲಯಾಳದವಳಿದ್ದಾಳೆ, ಬಾಯಿ ಸುಮ್ಮನಿರದು. "ಪೂಜೆ ಮಾಡಿದ್ರೆ ನಟ್ಟು ಟೈಟ್ ಆಗ್ತದಾ ಚೇಚೀ?" ಎಂದಳು. ಚೇಚಿ ಅಂದರೆ ಅವರಲ್ಲಿ ಅಕ್ಕ.

"ನೀನು ಗ್ಯಾಸ್ ಒಲೆಗೆ ಕುಂಕುಮ ಇಡಲ್ವಾ?"

"ಇಡ್ತೇನೆ. ಅದು ತಿರುಗೋದಿಲ್ಲಲ್ಲ."

ಎಲ್ಲರೂ ನಕ್ಕರು. ಆ ಮಾತು ಅಲ್ಲಿಗೇ ಬಿಟ್ಟುಹೋಯಿತು. ಅವಳಿಗೂ ಅದರ ಅರ್ಥ ಆಗ ತಿಳಿದಿರಲಿಲ್ಲ.

ಅಂದಿನಿಂದ ಶುಕ್ರವಾರ ಬಂದರೆ ಅಕ್ಕ ತಟ್ಟೆ ಹಿಡಿದು ಬರುತ್ತಿದ್ದಳು. ಅಂಗಡಿಯ ವಿಭೂತಿ ಅವಳಿಗೆ ಆಗದು. ಬೆರಣಿ ಸುಟ್ಟು, ಬಟ್ಟೆಯಲ್ಲಿ ಸೋಸಿ, ತಾನೇ ಮಾಡುತ್ತಾಳೆ. ನೀರಲ್ಲಿ ಕಲೆಸಿ ಪ್ರತಿ ಕದಿರಿಗೂ ಮೂರು ಗೆರೆ ಎಳೆಯುವಳು. ಮೇಲೆ ಬಾಬಿನ್ನು ಕೂರುವುದರಿಂದ ಅಲ್ಲಿ ಜಾಗವಿಲ್ಲ. ಕದಿರು ಬುಷ್ಷಿಗೆ ಇಳಿಯುವ ಕುತ್ತಿಗೆಯಿದೆಯಲ್ಲ, ಎಣ್ಣೆ ಬಿಡುವ ಜಾಗ, ಸರಿಯಾಗಿ ಅಲ್ಲೇ. ಆಮೇಲೆ ಕರ್ಪೂರ. ಆಮೇಲೆ ಸೊಸೆ ಸ್ವಿಚ್ಚು ಹಾಕುವಳು. ಕದಿರು ತಿರುಗಿದ ಕೂಡಲೇ ಒಣಗಿದ ಬೂದಿ ಉದುರುತ್ತಿತ್ತು. ದೇವರಿಗೆ ಮುಟ್ಟಿತು ಎಂದುಕೊಳ್ಳುತ್ತಿದ್ದೆವು.

ಬೇಸಿಗೆ ಮುಗಿಯುವುದರೊಳಗೆ ಎಲ್ಲ ಕದಿರೂ ಸಡಿಲಾಗಿ ನಡುಗತೊಡಗಿದವು. ಮೈಸೂರಿನಿಂದ ಮೆಕ್ಯಾನಿಕ್ಕು ಬಂದ. ಒಳ್ಳೆಯವನು. ಹುಡುಗ ಎನ್ನುತ್ತೇನೆ, ಆದರೆ ಮದುವೆಯಾಗಿ ಮಕ್ಕಳಿರುವವನು. ಫೋನು ಮಾಡಿ ಇಂಥ ದಿನ ಬರುತ್ತೇನೆ ಎಂದು ಹೇಳಿಯೇ ಬರುತ್ತಿದ್ದ. ಬರುವವರ ಮುಂದೆ ಯಂತ್ರ ಕೊಳಕಾಗಿರಬಾರದೆಂದು ನನ್ನ ಸೊಸೆ ಹಿಂದಿನ ದಿನವೇ ಒದ್ದೆ ಬಟ್ಟೆಯಲ್ಲಿ ಎಲ್ಲ ಒರೆಸಿ, ಹೊಸ ಎಣ್ಣೆ ಬಿಟ್ಟು ಫಳಫಳ ಇಡುತ್ತಿದ್ದಳು. ನೆಂಟರು ಬರುವಾಗ ಮನೆ ಗುಡಿಸುವುದಿಲ್ಲವೇ, ಹಾಗೆ. ಅವನಿಗೆ ಕಂಡದ್ದು ತೊಳೆದಿಟ್ಟ ಯಂತ್ರ.

ಮೊದಲಿದ್ದದ್ದು ಪ್ಲಾಸ್ಟಿಕ್ಕಿನ ಬುಷ್ಷು. ಅದನ್ನು ಕಿತ್ತು ಹಿತ್ತಾಳೆಯದು ಹಾಕಿದ. "ಇದು ತಾಳುತ್ತೆ ಅಮ್ಮ" ಎಂದ. ಮಳೆಗಾಲ ಹಿಡಿದು ಸ್ವಲ್ಪ ದಿನಕ್ಕೆ ಮತ್ತೆ ನಡುಕ. ಮತ್ತೆ ಅವನು ಬಂದ. ಈ ಸಲ ಬುಷ್ಷು ಮಾತ್ರವಲ್ಲ, ಕದಿರಿನ ಕಬ್ಬಿಣದ ಮೇಲೇ ಗೀರು ಬಿದ್ದಿತ್ತು. ಅವನು ಗೀರಿನ ಮೇಲೆ ಉಗುರು ಎಳೆದು ನೋಡಿ ಸೊಸೆಯ ಮುಖ ನೋಡಿದ.

"ಎಣ್ಣೆ ಬಿಡ್ತಿಲ್ಲ ನೀವು."

"ದಿನಾ ಬಿಡ್ತೀನಿ."

"ಬಿಟ್ಟಿದ್ರೆ ಹಿಂಗಾಗಲ್ಲ. ಇನ್ನೊಂದು ಸಲ ಹೀಗಾದ್ರೆ ಯಂತ್ರ ಇಲ್ಲಿ ಇಡಲ್ಲ ಅಂತಾರೆ, ನನ್ನ ಕೈಲಿಲ್ಲ."

ಸೊಸೆ ಮನೆಗೆ ಬಂದವಳೇ ಮಂಡಿಗೆ ಹಚ್ಚುವ ಎಣ್ಣೆ ಬಿಸಿ ಮಾಡಿಕೊಂಡು ಕೂತಳು. ಬಹಳ ದಿನದಿಂದ ಹಚ್ಚಿರಲಿಲ್ಲ. ಜೀಪಿಗೆ ತಯಾರಾಗುತ್ತಿದ್ದಾಳೆ ಎಂದು ನನಗೆ ತಿಳಿಯಿತು. "ಇನ್ನೂ ಯಂತ್ರ ಹೋಗಿಲ್ಲ, ಎಣ್ಣೆ ದಂಡ ಮಾಡಬೇಡ" ಎಂದೆ. ಅವಳು ಕೇಳದವಳ ಹಾಗೆ ತಿಕ್ಕುತ್ತಲೇ ಇದ್ದಳು.

ಅಕ್ಕ ಬೂದಿಯನ್ನು ಇನ್ನಷ್ಟು ದಪ್ಪ ಬಳಿದಳು. ಮಂಗಳವಾರವನ್ನೂ ಸೇರಿಸಿದಳು.

ಒಂದು ದಿನ ಸುತ್ತುತ್ತಿದ್ದ ಬಾಬಿನ್ನು ಕದಿರಿನಿಂದ ಎಗರಿ ಸೊಸೆಯ ಕಿವಿಯ ಪಕ್ಕದಲ್ಲೇ ಹೋಗಿ ಗೋಡೆಗೆ ಬಡಿಯಿತು. ನಾನು ಬಾಗಿಲಲ್ಲಿದ್ದೆ. "ಅತ್ತೆ, ಫೋನು ಮಾಡ್ಲಾ?" ಎಂದು ಕೇಳಿದಳು. ಮಾಡಿದರೆ ಯಂತ್ರ ಒಯ್ಯುತ್ತಾರೆ, ಮಾಡದಿದ್ದರೆ ಇನ್ನೊಂದು ಬಾಬಿನ್ನು ಕಣ್ಣಿಗೇ ಬರುತ್ತದೆ. ನಾನು ಆ ಬಾಬಿನ್ನು ಹೆಕ್ಕಿ ಬುಟ್ಟಿಗೆ ಹಾಕಿದೆ. ಆ ಕದಿರನ್ನು ಬಿಟ್ಟು ಉಳಿದವುಗಳಲ್ಲಿ ಸುತ್ತಿದರು.

ಫೋನು ಮಾಡಬೇಕಾಗಲಿಲ್ಲ. ಕುಶಾಲನಗರಕ್ಕೆ ಬೇರೆ ಕೆಲಸದ ಮೇಲೆ ಬಂದಿದ್ದ ಮೆಕ್ಯಾನಿಕ್ಕು ಹೇಳದೆ ಕೇಳದೆ ಬಂದುಬಿಟ್ಟ. ಅಂದು ಶುಕ್ರವಾರ. ಆಗತಾನೇ ಪೂಜೆ ಮುಗಿದಿತ್ತು, ಕರ್ಪೂರದ ವಾಸನೆ ಇನ್ನೂ ಹೋಗಿರಲಿಲ್ಲ. ಅವನು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಯಂತ್ರ ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಸ್ಪ್ಯಾನರು ತೆಗೆದ. ಅಕ್ಕನಿಗೆ ಹಿಗ್ಗು. "ನೋಡ್ರೇ, ಓದಿದೋರಿಗೂ ಭಕ್ತಿ ಐತೆ" ಎಂದಳು.

ಒಂದು ಕದಿರು ಮೇಲಕ್ಕೆತ್ತಿ ಬುಷ್ಷಿನೊಳಗೆ ಬೆರಳು ಹಾಕಿದ. ಬೆರಳಿಗೆ ಬೂದು ಬಣ್ಣದ ಕೆಸರಿನಂಥದ್ದು ಅಂಟಿ ಬಂತು. ಎರಡು ಬೆರಳಿನ ನಡುವೆ ತಿಕ್ಕಿದ. ಇನ್ನೊಂದು ಕದಿರು ಎತ್ತಿದ. ಅದರಲ್ಲೂ ಅದೇ.

"ಇದೇನಮ್ಮ, ಪಾತ್ರೆ ಉಜ್ಜೋ ಪುಡಿ ಹಾಕಿದೀರಾ ಇದಕ್ಕೆ?"

ಅವನ ಕಣ್ಣು ಕದಿರಿನ ಕುತ್ತಿಗೆಯ ಮೂರು ಗೆರೆಯ ಮೇಲೆ ಹೋಯಿತು, ಅಲ್ಲಿಂದ ಅಕ್ಕನ ಕೈಯ ತಟ್ಟೆಗೆ. ಅವನಿಗೆ ತಿಳಿಯಿತು. ಬೆರಳು ಒರೆಸುವ ನೆಪದಲ್ಲಿ ತಲೆ ತಗ್ಗಿಸಿದ. ದೊಡ್ಡವರ ಪೂಜೆಯನ್ನು ಕೆಟ್ಟದ್ದು ಎನ್ನುವುದು ಹೇಗೆ? ನನ್ನ ಸೊಸೆಗೂ ತಿಳಿಯಿತು. ದೊಡ್ಡತ್ತೆಯ ಮೇಲೆ ಮಾತು ಎತ್ತುವುದಕ್ಕಿಂತ ತಾನೇ ಎಣ್ಣೆ ಬಿಡಲಿಲ್ಲ ಎಂದು ಒಪ್ಪಿಕೊಳ್ಳುವವಳು ಅವಳು. ಹಾಗೆ ಒಪ್ಪಿಕೊಂಡು ಜೀಪು ಹತ್ತುವವಳು.

"ಬೂದಿ ಅದು" ಎಂದೆ. "ಬೆಳಿಗ್ಗೆ ನಾವು ಪಾತ್ರೆ ತಿಕ್ಕೋದು ಅದರಲ್ಲೇ. ಎಣ್ಣೆ ಜೊತೆ ಸೇರಿ ವಾರವಾರ ಕದಿರು ತಿಕ್ಕೈತೆ. ಇವಳ ತಪ್ಪೇನಿಲ್ಲ."

ಅಕ್ಕ ನನ್ನ ಕಡೆ ತಿರುಗಿದಳು. "ಅಂದ್ರೆ ದೇವರೇ ಕೆಡಿಸ್ದ ಅಂತೀಯಾ?"

"ದೇವರಲ್ಲ ಅಕ್ಕ. ಬೂದಿ."

"ನಾನು ಹಚ್ಚಿದ ಬೂದಿ ಅನ್ನು. ಬಾಯಿ ಬಿಟ್ಟು ಹೇಳು."

"ನೀನು ಹಚ್ಚಿದ ಬೂದಿ."

ಅವಳು ತಟ್ಟೆ ಎತ್ತಿಕೊಂಡು ಹೋದಳು. ತಟ್ಟೆಯಲ್ಲಿ ಬಾಗಿಲ ಬೀಗದ ಕೈಯೂ ಇತ್ತು, ಎಣ್ಣೆ ಡಬ್ಬಿಯೂ ಇತ್ತು. ತಡೆಯಲು ಯಾರಿಗೂ ಧೈರ್ಯ ಬರಲಿಲ್ಲ.

ಮೆಕ್ಯಾನಿಕ್ಕು ಒಂದೊಂದೇ ಕದಿರು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ, ಚೀಲದಲ್ಲಿದ್ದ ಹೊಸ ಬುಷ್ಷು ಕೂರಿಸಿದ. ಗೀರು ಬಿದ್ದ ಕದಿರುಗಳನ್ನು ನುಣ್ಣಗೆ ಉಜ್ಜಿದ. ಆಮೇಲೆ ಹಳೆಯ ಸೈಕಲ್ ಟ್ಯೂಬು ಕೇಳಿದ. ಅದನ್ನು ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ, ಪ್ರತಿ ಕದಿರಿನ ಕುತ್ತಿಗೆಗೂ ಕೊಡೆಯ ಹಾಗೆ ತೊಡಿಸಿದ. ಮೇಲಿನಿಂದ ಏನು ಉದುರಿದರೂ ಬುಷ್ಷಿನೊಳಗೆ ಇಳಿಯದ ಹಾಗೆ. ಎಣ್ಣೆ ಬಿಡುವಾಗ ಎತ್ತಿ ಬಿಡಬೇಕು.

"ನೀವೊಬ್ಬರೇ ಅಲ್ಲ ಅಮ್ಮ" ಎಂದು ನನಗೆ ಹೇಳಿದ. "ಪೂಜೆ ಮಾಡದ ಯಂತ್ರ ನಮ್ಮ ಕಡೆ ಎಲ್ಲಿದೆ? ಯಂತ್ರ ಮಾಡುವಾಗಲೇ ಮುಚ್ಚಳ ಇಡಬೇಕಿತ್ತು, ಯಾರಿಗೂ ಹೊಳೀಲಿಲ್ಲ."

"ನಿಮ್ಮೋರಿಗೆ ಏನಂತ ಹೇಳ್ತೀಯಪ್ಪ?"

"ಇದ್ದದ್ದೇ ಹೇಳ್ತೀನಿ."

ಅವನು ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿದ. ಶೀಟಿನ ಮೇಲೆ ಮಳೆ ಬಡಿಯುತ್ತಿತ್ತು, ಒಂದು ಮಾತೂ ಕೇಳಲಿಲ್ಲ. ಬಾಯಿ ಆಡುವುದು ಕಂಡಿತು, ಒಂದು ಸಲ ನಕ್ಕದ್ದು ಕಂಡಿತು. ನಗು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯಲಿಲ್ಲ. ಮಲಯಾಳದವಳು ನನ್ನ ತೋಳು ಹಿಡಿದುಕೊಂಡಿದ್ದಳು. ಒಳಗೆ ಬಂದವನು ಸೊಸೆಗೆ ಹೇಳಿದ, "ಆಯುಧಪೂಜೆ ತನಕ ಇರಲಿ ಅಂದ್ರು. ಅದು ಕಳೆದ ಮೇಲೆ ಬಂದು ಬಿಚ್ಚಿ ನೋಡ್ತೀನಿ. ಒಳಗೆ ಚೊಕ್ಕಟ ಇದ್ರೆ ಯಂತ್ರ ಇಲ್ಲೇ."

ಆಯುಧಪೂಜೆ ಎಂದ ಕೂಡಲೇ ನಾವೆಲ್ಲ ಅಕ್ಕನ ಮನೆಯ ಕಡೆ ನೋಡಿದೆವು.

ಬೀಗದ ಕೈ ಇಲ್ಲದೆ ಶೆಡ್ಡಿಗೆ ಬೀಗ ಹಾಕಲಾಗಲಿಲ್ಲ. ಚಿಲಕಕ್ಕೆ ತಂತಿ ಸುತ್ತಿ ಬಂದೆವು. ಊಟಕ್ಕೆ ಕೂತಾಗ ಸೊಸೆ, "ದೊಡ್ಡತ್ತೆ ಜಾಗ ಖಾಲಿ ಮಾಡಿ ಅಂದ್ರೆ?" ಎಂದಳು. ನಾನೂ ಅದನ್ನೇ ಯೋಚಿಸುತ್ತಿದ್ದೆ. "ಉಣ್ಣು" ಎಂದೆ.

ಬೆಳಿಗ್ಗೆ ಎದ್ದು ಮುಖ ತೊಳೆದು ನೇರ ಅಕ್ಕನ ಮನೆಗೆ ಹೋದೆ. ಮುಂಬಾಗಿಲು ತೆರೆಯಲಿಲ್ಲ. ಹಿತ್ತಲಿಂದ ಹೋದೆ. ಅವಳು ಕಲ್ಲಿನ ಮೇಲೆ ಕೂತು ಪಾತ್ರೆ ತಿಕ್ಕುತ್ತಿದ್ದಳು, ಬೂದಿಯಲ್ಲೇ. ನನ್ನನ್ನು ಕಂಡು ಇನ್ನೂ ಜೋರಾಗಿ ತಿಕ್ಕಿದಳು.

"ಬೀಗದ ಕೈ ಕೊಡು. ಎಣ್ಣೆ ಡಬ್ಬೀನೂ ಕೊಡು."

"ಪೂಜೆ ಬೇಡದ ಜಾಗಕ್ಕೆ ನನ್ನ ಕೈ ಯಾಕೆ?"

"ಬೇಡ ಅಂದೋರು ಯಾರು? ಬಾಗಿಲಿಗೆ ಹಚ್ಚು. ಗೋಡೆಗೆ ಹಚ್ಚು. ನನ್ನ ಹಣೆಗೆ ಹಚ್ಚು. ಕದಿರಿಗೆ ಬೇಡ. ಹಚ್ಚಿದ್ರೆ ಆ ಹುಡುಗಿ ಜೀಪು ಹತ್ತಬೇಕಾಯ್ತದೆ. ಅವಳ ಮಂಡಿ ನೋಡಿದೀಯಲ್ಲ ನೀನು. ಆಸ್ಪತ್ರೇಲಿ ಗಂಜಿ ಕುಡಿಸ್ದೋಳು ನೀನೇ."

ಅವಳು ಪಾತ್ರೆ ಕವುಚಿಟ್ಟು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ತಟ್ಟೆ ಹಿಡಿದಿದ್ದಳು, ಅದರಲ್ಲಿ ಎಲ್ಲವೂ ಇತ್ತು. ಶೆಡ್ಡಿನವರೆಗೆ ಮುಂದೆ ಮುಂದೆ ನಡೆದು ತಂತಿ ಬಿಚ್ಚಿದಳು. ಬಾಗಿಲ ಚೌಕಟ್ಟಿಗೆ ಮೂರು ಗೆರೆ ಎಳೆದಳು. ಆಮೇಲೆ ನನ್ನ ಹಣೆಗೆ. ತಳ ಹಿಡಿದ ಪಾತ್ರೆ ತಿಕ್ಕುವ ಹಾಗೆ ಒತ್ತಿ ಎಳೆದಳು.

"ಆಯ್ತಾ?" ಎಂದಳು.

ಆಯ್ತು ಎಂದು ಎಣ್ಣೆ ಡಬ್ಬಿ ತೆಗೆದುಕೊಂಡೆ. ಮೊದಲ ಕದಿರಿನ ರಬ್ಬರು ಎತ್ತಿದೆ. ಬಗ್ಗುವ ಮುಂಚೆ, ಅವಳು ನೋಡುತ್ತಿರುವಂತೆಯೇ, ಸೆರಗಿನಿಂದ ಹಣೆ ಚೆನ್ನಾಗಿ ಒರೆಸಿಕೊಂಡೆ. ಆಮೇಲೆ ಎಣ್ಣೆ ಬಿಟ್ಟೆ.